ಸೀನಿಗೊಂದು ಅಂಕಣ, ಕುತ್ತಿಗೆಗೊಂದು ಅಂಕಣ

ಎಳ್ಳ ಅಮವಾಸ್ಯೆ ಹತ್ತಿರ ಬಂತೆಂದರೆ ಕಲಬುರಗಿಯ ನನ್ನ ಚಿಕಿತ್ಸಾ ಕೊಠಡಿಗೆ ಬರುವವರ ದೂರುಗಳ ಬಗೆಯೇ ಬದಲಾಗುತ್ತದೆ. ತೊಗರಿ ಕೊಯ್ದು ರಾಶಿ ಮಷಿನ್ನಿಗೆ ಹಾಕುವ ದಿನಗಳವು. ಹೊಟ್ಟು, ಒಣಗಿದ ಎಲೆಯ ಪುಡಿ, ಮಣ್ಣಿನ ಧೂಳು ಎಲ್ಲವೂ ಗಾಳಿಯಲ್ಲಿ ಬೆರೆತು ಹೊಲದಿಂದ ಮನೆಯ ಒಳಗಿನ ಹಾಸಿಗೆಯವರೆಗೂ ಬಂದು ಕೂರುತ್ತವೆ. ಸೊಂಟ, ಮೊಣಕಾಲು ಎಂದು ವರ್ಷವಿಡೀ ಬರುವವರು ಆಗ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಂದು, “ಸಾಹೇಬ್ರ, ಶೀನಿ ಶೀನಿ ಕುತಗಿ ಹಿಡದದ ನೋಡ್ರಿ, ಒಮ್ಮಿ ಕಟ್ ಅನಿಸಿಬಿಡ್ರಿ” ಎನ್ನುತ್ತಾರೆ. ಕುತ್ತಿಗೆ ಬಿಟ್ಟರೆ ಸೀನೂ ನಿಲ್ಲುತ್ತದೆಂಬ ನಂಬಿಕೆ ಆ ಮಾತಿನ ಹಿಂದೆ ಇರುತ್ತದೆ. ಕೆಲವು ವರ್ಷ ನಾನೂ ಅದನ್ನು ನಂಬಿದ್ದೆ.

ನಾನು ಓದಿದ್ದು ಫಿಸಿಯೋಥೆರಪಿ. ಕೈರೋಪ್ರಾಕ್ಟಿಕ್ ಪದ್ಧತಿಯಲ್ಲಿ ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದ ಸಡಿಲಿಸುವ ವಿಧಾನವನ್ನು ಆಮೇಲೆ ತರಬೇತಿ ಪಡೆದು ಕಲಿತೆ. ಈ ಪದ್ಧತಿಯನ್ನು 1895ರಲ್ಲಿ ಅಮೆರಿಕದ ಐಯೋವಾ ರಾಜ್ಯದ ಡೇವನ್‌ಪೋರ್ಟಿನಲ್ಲಿ ಆರಂಭಿಸಿದ ಡಿ.ಡಿ. ಪಾಮರ್ ಅವರು, ಕಶೇರುಕಗಳು ತಮ್ಮ ಜಾಗದಿಂದ ಸರಿದು ನರಗಳಿಗೆ ಅಡ್ಡಿಯಾಗುವುದರಿಂದಲೇ ಹೆಚ್ಚಿನ ಕಾಯಿಲೆಗಳು ಬರುತ್ತವೆ ಎಂದು ವಾದಿಸಿದ್ದರು. ಬೆನ್ನು ಸರಿಪಡಿಸಿದರೆ ನರಗಳು ಸರಿಯಾಗುತ್ತವೆ, ನರಗಳು ಸರಿಯಾದರೆ ದೇಹದ ರೋಗನಿರೋಧಕ ಶಕ್ತಿ ಹದಕ್ಕೆ ಬಂದು ಅಲರ್ಜಿ ತಗ್ಗುತ್ತದೆ ಎಂಬ ಪಾಠ ನನ್ನ ಕಿವಿಗೆ ಬಿದ್ದದ್ದು ಅದೇ ವಾದದ ಮುಂದುವರಿಕೆಯಾಗಿ. ಕೇಳುವುದಕ್ಕೆ ಚೆನ್ನಾಗಿತ್ತು, ರೋಗಿಗಳಿಗೆ ಹೇಳುವುದಕ್ಕೆ ಇನ್ನೂ ಚೆನ್ನಾಗಿತ್ತು.

ಮೊದಲು ಪರೀಕ್ಷಿಸಿದ್ದು ನಮ್ಮ ಮನೆಯಲ್ಲಿಯೇ. ನನ್ನ ಹೆಂಡತಿಗೂ ಮಗಳಿಗೂ ಪ್ರತಿ ಚಳಿಗಾಲ ಬೆಳಗ್ಗೆ ಏಳುತ್ತಲೇ ಹತ್ತು ಹದಿನೈದು ಸೀನು, ಕಣ್ಣು ತುರಿಕೆ, ರಾತ್ರಿ ಮೂಗು ಕಟ್ಟುವುದು ಇದ್ದೇ ಇತ್ತು. ಒಂದು ವರ್ಷ ಡಿಸೆಂಬರಿನಿಂದ ವಾರಕ್ಕೆ ಎರಡು ಬಾರಿ ಇಬ್ಬರಿಗೂ ಕುತ್ತಿಗೆ ಮತ್ತು ಮೇಲ್ಬೆನ್ನಿನ ಚಿಕಿತ್ಸೆ ಮಾಡಿ, ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಸೀನು, ಸೋರುವುದು, ಕಟ್ಟುವುದು, ತುರಿಕೆ ಈ ನಾಲ್ಕಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ ಕೊಟ್ಟರೆ ಒಟ್ಟು ಹನ್ನೆರಡಾಗುತ್ತದೆ. ಮೂಗಿನ ಅಲರ್ಜಿಯನ್ನು ಅಳೆಯಲು ವೈದ್ಯರೂ ಬಳಸುವ ಕ್ರಮವಿದು. ಪಕ್ಕದ ಅಂಕಣದಲ್ಲಿ ಕುತ್ತಿಗೆ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಬರೆಯುತ್ತಿದ್ದೆ. ಫೆಬ್ರುವರಿ ಕೊನೆಯ ಹೊತ್ತಿಗೆ ಎರಡೂ ಅಂಕಣಗಳ ಸಂಖ್ಯೆ ಚೆನ್ನಾಗಿ ಇಳಿದಿತ್ತು. ನಾನು ಬೀಗಿದೆ, ನಾಲ್ಕು ಜನರ ಮುಂದೆ ಹೇಳಿಕೊಂಡೂ ಬಂದೆ.

ಆ ಬೀಗು ಇಳಿದದ್ದು ಆಳಂದ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ. ಅಣ್ಣನ ಮನೆಯಲ್ಲಿ ವೈನಿಗೂ ಅವರ ಕಿರಿ ಮಗನಿಗೂ ಅದೇ ಕಾಟ. ಮರುವರ್ಷ ಅವರಿಂದಲೂ ಅದೇ ಲೆಕ್ಕ ಬರೆಸಿದೆ. ದೂರದ ಊರಾದ್ದರಿಂದ ಅವರಿಗೆ ನನ್ನ ಕೈಚಿಕಿತ್ಸೆ ಸಿಗಲಿಲ್ಲ. ಶಿವರಾತ್ರಿಗೆ ಊರಿಗೆ ಹೋದಾಗ ಎರಡೂ ಮನೆಯ ನೋಟ್‌ಬುಕ್ಕುಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಮೂಗಿನ ಅಂಕಣ ಎರಡೂ ಮನೆಗಳಲ್ಲಿ ಒಂದೇ ರೀತಿ ಏರಿ ಒಂದೇ ರೀತಿ ಇಳಿದಿತ್ತು: ರಾಶಿ ಶುರುವಾದಾಗ ಏರಿಕೆ, ರಾಶಿ ಮುಗಿದು ಹೊಟ್ಟು ಬಣವೆಗೆ ಸೇರಿದ ಮೇಲೆ ಇಳಿಕೆ. ಸುಗ್ಗಿ ಮುಗಿದದ್ದನ್ನು ನಾನು ನನ್ನ ಕೈಗುಣವೆಂದು ಎಣಿಸಿಕೊಂಡಿದ್ದೆ. ಆದರೆ ಕುತ್ತಿಗೆಯ ಅಂಕಣ ಬೇರೆ ಕತೆ ಹೇಳುತ್ತಿತ್ತು. ನಮ್ಮ ಮನೆಯಲ್ಲಿ ಅದು ಎರಡನೆಯ ವಾರದಲ್ಲಿಯೇ, ಅಂದರೆ ಸೀನು ಇನ್ನೂ ಜೋರಾಗಿದ್ದಾಗಲೇ, ಇಳಿಯಲು ಆರಂಭಿಸಿತ್ತು. ವೈನಿಯ ಕುತ್ತಿಗೆ ನೋವು ಮಾತ್ರ ಸೀನಿನ ಜೊತೆಗೇ ಕೊನೆಯವರೆಗೆ ಉಳಿದಿತ್ತು. ಎರಡು ಮನೆ, ನಾಲ್ಕು ಜನ ಎಂಬುದು ಪ್ರಯೋಗವಲ್ಲವೆಂದು ಗೊತ್ತಿದ್ದರೂ, ಎರಡು ಅಂಕಣಗಳನ್ನು ಮತ್ತೆ ಒಂದಾಗಿಸುವ ಧೈರ್ಯ ನನಗೆ ಬರಲಿಲ್ಲ.

ಆ ಹೊತ್ತಿನಲ್ಲೇ ಇನ್ನೊಂದು ಘಟನೆ ನಡೆಯಿತು. ಬರೆಯಲು ಸಂಕೋಚವಾದರೂ ಬಿಡುವಂತಿಲ್ಲ. ಒಬ್ಬ ಹುಡುಗನಿಗೆ ಮೂಗಿನ ಅಲರ್ಜಿಯ ಜೊತೆ ಅಸ್ತಮಾ ಕೂಡ ಇತ್ತು. ನಾಲ್ಕು ಬಾರಿ ಚಿಕಿತ್ಸೆ ಆದ ಮೇಲೆ ಅವನಿಗೆ ಹಗುರವೆನಿಸಿತು, ತಂದೆಗೆ ಸಂತೋಷವಾಯಿತು, ಅವರು ಇನ್‌ಹೇಲರ್ ನಿಲ್ಲಿಸಿಬಿಟ್ಟರು. ನಿಲ್ಲಿಸಿರೆಂದು ನಾನು ಹೇಳಿರಲಿಲ್ಲ, ನಿಲ್ಲಿಸಬೇಡಿರೆಂದೂ ಹೇಳಿರಲಿಲ್ಲ. ಒಂದು ರಾತ್ರಿ ಅವನಿಗೆ ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಎರಡು ದಿನದಲ್ಲಿ ಚೇತರಿಸಿಕೊಂಡ. ತಂದೆ ನನ್ನ ಮೇಲೆ ಒಂದು ಮಾತೂ ಆಡಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಅದಾದ ಮೇಲೆ ಕುಳಿತು ಸರಿಯಾಗಿ ಓದಿದೆ. ಅಲರ್ಜಿ ಇರುವವರ ದೇಹವು ಪರಾಗ ಅಥವಾ ಧೂಳುನುಸಿಯ ವಿರುದ್ಧ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸಿ, ಅದನ್ನು ಮೂಗಿನ ಒಳಪದರದ ಮಾಸ್ಟ್ ಕೋಶಗಳ ಮೇಲೆ ಕೂರಿಸಿಟ್ಟಿರುತ್ತದೆ. ಅದೇ ಪರಾಗ ಮತ್ತೆ ಒಳಗೆ ಬಂದಾಗ ಆ ಕೋಶಗಳು ಹಿಸ್ಟಮಿನ್ ಬಿಡುಗಡೆ ಮಾಡುತ್ತವೆ, ಸೀನು ಮತ್ತು ತುರಿಕೆ ಅಲ್ಲಿಂದ ಹುಟ್ಟುತ್ತವೆ. ಈ ಸರಪಳಿಯಲ್ಲಿ ಕುತ್ತಿಗೆಯ ಕೀಲಿಗೆ ಜಾಗವಿಲ್ಲ. ಮೂಗಿನ ರಕ್ತನಾಳಗಳನ್ನು ಬಿಗಿಗೊಳಿಸುವ ನರಗಳು ಎದೆಯ ಮೇಲ್ಭಾಗದ ಬೆನ್ನುಹುರಿಯಿಂದ ಹೊರಟು ಕುತ್ತಿಗೆಯ ಮೂಲಕವೇ ಹೋಗುತ್ತವೆ ಎಂಬುದು ನಿಜ, ನಮ್ಮವರ ವಾದ ಹಿಡಿದುಕೊಳ್ಳುವುದೂ ಆ ಎಳೆಯನ್ನೇ; ಆದರೆ ಮೂಗು ಸೋರುವಂತೆ ಮಾಡುವ ನರ ಮಿದುಳಿನ ಕಾಂಡದಿಂದ ಮುಖದ ನರದ ಜೊತೆ ನೇರವಾಗಿ ಬರುತ್ತದೆ, ಅದು ಬೆನ್ನುಮೂಳೆಯ ಕೀಲುಗಳ ನಡುವೆ ಹಾದುಹೋಗುವುದೇ ಇಲ್ಲ. 1998ರಲ್ಲಿ ಕೆನಡಾದ ಪ್ರಯೋಗವೊಂದರಲ್ಲಿ ಅಸ್ತಮಾ ಇದ್ದ ಮಕ್ಕಳನ್ನು ಎರಡು ಗುಂಪು ಮಾಡಿ, ಔಷಧ ಮುಂದುವರಿಸುತ್ತಲೇ, ಒಂದು ಗುಂಪಿಗೆ ನಿಜವಾದ ಕೈರೋಪ್ರಾಕ್ಟಿಕ್ ಚಿಕಿತ್ಸೆಯನ್ನೂ ಇನ್ನೊಂದಕ್ಕೆ ಅದರ ಅಣಕುರೂಪವನ್ನೂ ನಾಲ್ಕು ತಿಂಗಳು ಕೊಟ್ಟು ನೋಡಿದ್ದರು. ಎರಡೂ ಗುಂಪಿನ ಮಕ್ಕಳು ಸುಧಾರಿಸಿದರು, ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅದನ್ನು ಓದುವಾಗ ನಮ್ಮ ಎರಡು ಮನೆಗಳ ನೋಟ್‌ಬುಕ್ಕುಗಳು ಕಣ್ಣಮುಂದೆ ಬಂದವು.

ಹಾಗಾದರೆ ಕುತ್ತಿಗೆಯ ಅಂಕಣ ಏಕೆ ಇಳಿಯಿತು? ಇದು ನನ್ನ ಕಸುಬಿಗೆ ಸೇರಿದ ಪ್ರಶ್ನೆ. ಮೂಗು ಕಟ್ಟಿದವರು ಬಾಯಿಯಿಂದ ಉಸಿರಾಡುತ್ತಾರೆ, ಗದ್ದ ಮುಂದಕ್ಕೆ ಬರುತ್ತದೆ, ಹೆಗಲು ಮೇಲಕ್ಕೆ ಏರುತ್ತದೆ. ಎದೆ ಮತ್ತು ಹೊಟ್ಟೆಯ ನಡುವೆ ಇರುವ ಉಸಿರಾಟದ ಸ್ನಾಯುವಾದ ವಪೆ ಮಾಡಬೇಕಾದ ಕೆಲಸವನ್ನು ಕುತ್ತಿಗೆಯ ಪಕ್ಕದ ಸ್ನಾಯುಗಳು ಹೊತ್ತುಕೊಳ್ಳುತ್ತವೆ. ಪಕ್ಕೆಲುಬನ್ನು ಎತ್ತುವ ಸ್ಕೇಲೀನ್ ಸ್ನಾಯುಗಳಂತೂ ತಂತಿಯಂತೆ ಬಿಗಿದಿರುತ್ತವೆ. ಅದರ ಮೇಲೆ ದಿನಕ್ಕೆ ಹತ್ತಾರು ಸೀನು, ಒಂದೊಂದೂ ತಲೆಗೆ ಕೊಡುವ ಝಾಡಿಸಿದಂಥ ಎಳೆತ. ತಲೆಬುರುಡೆಯ ಬುಡ ನೋಯುತ್ತದೆ, ಮೇಲಿನ ಪಕ್ಕೆಲುಬುಗಳು ಬಿಗಿಯುತ್ತವೆ, ನಿದ್ದೆ ಕೆಡುತ್ತದೆ. ಇವಿಷ್ಟೂ ಕೈಗೆ ಸಿಗುವ ಸಂಗತಿಗಳು, ಇವುಗಳ ಮೇಲೆ ಕೈ ಕೆಲಸ ಮಾಡುತ್ತದೆ.

ಈಗ ನಾನು ಮಾಡುವ ಕ್ರಮ ಇಷ್ಟು. ಕುಟುಂಬ ಬಂದರೆ ಮೊದಲು ಉಸಿರಿನ ವಿಚಾರ ಕೇಳುತ್ತೇನೆ: ರಾತ್ರಿ ಕೆಮ್ಮು, ಎದೆಯಲ್ಲಿ ಸೀಟಿಯಂಥ ಸದ್ದು, ಓಡಿದಾಗ ದಮ್ಮು. ಒಂದಿದ್ದರೂ ಮೊದಲು ವೈದ್ಯರ ಬಳಿ ಕಳುಹಿಸುತ್ತೇನೆ, ಇನ್‌ಹೇಲರ್ ಇದ್ದರೆ ನಿಲ್ಲಿಸಬಾರದೆಂದು ಚೀಟಿಯ ಮೇಲೆ ಬರೆದೇ ಕೊಡುತ್ತೇನೆ. ಆಮೇಲೆ ಮಲಗಿಸಿ ತಲೆಬುರುಡೆಯ ಬುಡದ ಸ್ನಾಯುಗಳನ್ನು ಬೆರಳ ತುದಿಯಿಂದ ಸಡಿಲಿಸುವುದು, ಮೇಲ್ಬೆನ್ನಿನ ಕೀಲುಗಳನ್ನು ಹಗುರವಾಗಿ ಒತ್ತಿ ಚಲಿಸುವುದು, ಉಸಿರು ಬಿಡುವಾಗ ಪಕ್ಕೆಲುಬುಗಳನ್ನು ಕೆಳಕ್ಕೆ ಒಯ್ಯುವುದು, ಕೊನೆಗೆ ಹೊಟ್ಟೆಯ ಮೇಲೆ ಕೈ ಇಟ್ಟು ನಿಧಾನವಾಗಿ ಉಸಿರಾಡುವುದನ್ನು ಕಲಿಸುವುದು. ಎಲ್ಲ ಸೇರಿ ಇಪ್ಪತ್ತು ನಿಮಿಷ, ವಾರಕ್ಕೆ ಎರಡು ಸಲ, ಮೂರು ವಾರ. ಮಕ್ಕಳಿಗೆ ಕುತ್ತಿಗೆಯನ್ನು ಝಟ್ಟನೆ ತಿರುಗಿಸುವ ಪಟ್ಟನ್ನು ಹಾಕುವುದಿಲ್ಲ, ದೊಡ್ಡವರಿಗೂ ಈಗ ಬಿಟ್ಟಿದ್ದೇನೆ. ಅಪರೂಪಕ್ಕಾದರೂ ಕುತ್ತಿಗೆಯ ರಕ್ತನಾಳ ಹರಿದು ಪಾರ್ಶ್ವವಾಯು ಆಗಬಹುದಾದ ಪಟ್ಟನ್ನು ಸೀನಿನ ನೋವಿಗೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ‘ಕಟ್’ ಅನ್ನದಿದ್ದರೆ ದುಡ್ಡು ವಸೂಲಾಗಲಿಲ್ಲವೆಂದು ಭಾವಿಸುವವರು ಇದ್ದಾರೆ. ಆ ಸದ್ದು ಮೂಳೆ ಜಾಗಕ್ಕೆ ಬಂದದ್ದರದ್ದಲ್ಲ, ಕೀಲಿನೊಳಗಿನ ದ್ರವದಲ್ಲಿ ಅನಿಲದ ಗುಳ್ಳೆಗೆ ಸಂಬಂಧಿಸಿದ್ದು ಎಂದು ವಿವರಿಸುತ್ತೇನೆ. ಕೆಲವರು ಎರಡನೆಯ ಸಲ ಬರುವುದಿಲ್ಲ.

ಸೀನುವ ರೀತಿಯನ್ನೂ ಕಲಿಸುತ್ತೇನೆ, ನಗಬೇಡಿ. ಸೀನು ಬರುವ ಸೂಚನೆ ಸಿಕ್ಕ ಕೂಡಲೇ ಒಂದು ಕೈಯನ್ನು ಮೇಜಿಗೋ ತೊಡೆಗೋ ಊರಿ, ಮೊಣಕಾಲು ತುಸು ಬಾಗಿಸಿ, ಇನ್ನೊಂದು ಮೊಣಕೈ ಮಡಿಚಿ ಮುಖಕ್ಕೆ ಅಡ್ಡ ಹಿಡಿದರೆ ಕುತ್ತಿಗೆ, ಸೊಂಟಕ್ಕೆ ಬೀಳುವ ಎಳೆತ ಬಹಳ ಕಡಿಮೆಯಾಗುತ್ತದೆ.

ಮೂಗಿನ ಅಂಕಣಕ್ಕೆ ಮಾತ್ರ ಬೇರೆ ದಾರಿ. ನನ್ನ ಹೆಂಡತಿ, ಮಗಳು ಈಗ ವೈದ್ಯರು ಬರೆದುಕೊಟ್ಟ ಸ್ಟಿರಾಯ್ಡ್ ಮೂಗಿನ ಸ್ಪ್ರೇಯನ್ನು ರಾಶಿಗೆ ಎರಡು ವಾರ ಮೊದಲೇ ಶುರು ಮಾಡುತ್ತಾರೆ. ಅದರ ಪೂರ್ಣ ಗುಣ ಕಾಣಲು ಹಲವು ದಿನ ಬೇಕೆಂಬುದು ಗೊತ್ತಿಲ್ಲದೆ ಎರಡೇ ದಿನಕ್ಕೆ ಬಿಟ್ಟವರು ಬಹಳ. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ ಹಿಡಿದರೆ ಸ್ಪ್ರೇ ನಡುವಿನ ಗೋಡೆಗೆ ಬಡಿಯುವುದಿಲ್ಲ, ರಕ್ತ ಬರುವುದು ತಪ್ಪುತ್ತದೆ. ಅಂಗಡಿಯಲ್ಲಿ ಕೇಳಿದ ತಕ್ಷಣ ಸಿಗುವ, ಕ್ಷಣದಲ್ಲಿ ಮೂಗು ಬಿಡಿಸುವ ಹನಿಗಳು ಬೇರೆಯವು. ಅವನ್ನು ಐದು ದಿನ ಮೀರಿ ಬಳಸಿದರೆ ಮೂಗು ಇನ್ನಷ್ಟು ಕಟ್ಟುತ್ತದೆ. ಕುದಿಸಿ ಆರಿಸಿದ ಕಾಲು ಲೀಟರ್ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮೂಗು ತೊಳೆಯುವುದು, ಅಂದರೆ ನಮ್ಮ ಜಲನೇತಿ, ಸಂಜೆ ಹೊಲದಿಂದ ಬಂದವರಿಗೆ ನಿಜವಾಗಿ ಹಿತ ಕೊಡುತ್ತದೆ.

ಮನೆಯೊಳಗಿನ ಕೆಲಸದಲ್ಲಿ ವೈನಿಯೇ ನನಗಿಂತ ಮುಂದೆ ಹೋದರು. ದಸರೆಗೆ ಮುಂಚೆ ಕೌದಿ ಒಗೆಯುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆ; ಧೂಳುನುಸಿ ಸಾಯಲು ನೀರು 55 ಡಿಗ್ರಿಗಿಂತ ಬಿಸಿ ಇರಬೇಕೆಂದು ಹೇಳಿದ ಮೇಲೆ ಅವರು ಹಂಡೆಯಲ್ಲಿ ನೀರು ಕಾಯಿಸಿ, ದಸರೆಗೆ ಅಷ್ಟೇ ಅಲ್ಲದೆ ರಾಶಿ ಮುಗಿದ ಮೇಲೂ ಒಮ್ಮೆ ನೆನೆಹಾಕತೊಡಗಿದರು. ರಾಶಿಯ ಬಟ್ಟೆ ಹಿತ್ತಿಲಲ್ಲಿಯೇ ಬಿಚ್ಚಿ, ತಲೆಗೆ ನೀರು ಹಾಕಿಕೊಂಡೇ ಒಳಗೆ ಬರಬೇಕೆಂಬ ನಿಯಮವೂ ಅವರದೇ. ಬೇಸಿಗೆಗೆ ಕೂಲರ್ ಹಚ್ಚುವ ಮುಂಚೆ ಹೋದ ವರ್ಷದ ಬೂಷ್ಟು ಹಿಡಿದ ಹುಲ್ಲನ್ನು ತೆಗೆದು ಹೊಸದು ಹಾಕಿಸುವುದನ್ನು ಮಾತ್ರ ನಾನು ಕಲಿಸಿದೆ. ಮಳೆಗಾಲದ ಕೊನೆಗೆ ಮನೆಯ ಸುತ್ತ ಕಾಂಗ್ರೆಸ್ ಕಸ ಹೂ ಬಿಡುವ ಮೊದಲೇ ಕೀಳಿಸುತ್ತೇವೆ, ಕೈಗೆ ಚೀಲ ಕಟ್ಟಿಕೊಂಡು, ಏಕೆಂದರೆ ಅದರ ಪರಾಗ ಮೂಗಿಗೆ ಹೇಗೋ ಅದರ ಎಲೆ ಚರ್ಮಕ್ಕೂ ಹಾಗೆಯೇ.

ಕಳೆದ ರಾಶಿಯಲ್ಲಿ ವೈನಿ ಫೋನ್ ಮಾಡಿ, “ಈ ಸಲ ಮೂಗಿಂದು ಕಮ್ಮಿ ಅದ, ಕುತಗೀದ ಮಾತ್ರ ಹಂಗೇ ಅದ, ಯಾವಾಗ ಬರ್ತಿ?” ಎಂದು ಕೇಳಿದರು. ಆ ಭಾನುವಾರ ಹೊರಸನ್ನು ಅಂಗಳಕ್ಕೆ ಎಳೆದು, ಅದರ ಮೇಲೆ ಹೊಸದಾಗಿ ಒಗೆದ ಕೌದಿ ಹಾಸಿ, ಅವರ ಮೇಲ್ಬೆನ್ನಿಗೆ ಕೈ ಹಚ್ಚಿದೆ. ನೋಟ್‌ಬುಕ್ ಪಕ್ಕದಲ್ಲಿತ್ತು, ಅಂಕವನ್ನು ನಾನು ಬರೆಯಲಿಲ್ಲ, ಮರುದಿನ ಬೆಳಗ್ಗೆ ಎದ್ದ ಮೇಲೆ ಅವರೇ ಬರೆಯಲೆಂದು ಬಿಟ್ಟುಬಂದೆ.