ಡುಪ್ಲಿಕೇಟ್ ಅಡ್ರೆಸ್ ಎರರ್ ಬಂದರೆ ಮೊದಲು ಮ್ಯಾಕ್ ನೋಡಿ
ಎರಡು ರೂಟರ್ ಇಟ್ಟು ಎಚ್‌ಎಸ್‌ಆರ್‌ಪಿ (ಒಂದು ಕೆಟ್ಟರೆ ಇನ್ನೊಂದು ಅದೇ ಐಪಿಯಲ್ಲಿ ಕೆಲಸ ವಹಿಸಿಕೊಳ್ಳುವ ಸಿಸ್ಕೋ ವ್ಯವಸ್ಥೆ) ಓಡಿಸುವ ಕಡೆ ಲಾಗ್‌ನಲ್ಲಿ ಡುಪ್ಲಿಕೇಟ್ ಅಡ್ರೆಸ್ ಎರರ್ ಕಂಡ ಕೂಡಲೇ ಎಲ್ಲರೂ ರೂಟರ್‌ನ ಐಪಿಯನ್ನೇ ಇಟ್ಟುಕೊಂಡ ಲ್ಯಾಪ್‌ಟಾಪ್ ಹುಡುಕಲು ಹೊರಡುತ್ತಾರೆ. ಸ್ವಲ್ಪ ತಡೆಯಿರಿ. ಅದೇ ಸಾಲಿನ ಕೊನೆಯಲ್ಲಿ ಒಂದು ಮ್ಯಾಕ್ ಅಡ್ರೆಸ್ (ಪ್ಯಾಕೆಟ್ ಕಳಿಸಿದವರ ಹಾರ್ಡ್‌ವೇರ್ ವಿಳಾಸ) ಇರುತ್ತದೆ, ಅಲ್ವಾ? ಅರ್ಧ ಉತ್ತರ ಅಲ್ಲೇ ಇದೆ.

ಅದು 0000.0ಸಿ07.ಎಸಿ ಎಂದು ಶುರುವಾದರೆ ಎಚ್‌ಎಸ್‌ಆರ್‌ಪಿ ಮೊದಲ ಆವೃತ್ತಿಯ ವರ್ಚುವಲ್ ಮ್ಯಾಕ್, ಅಂದರೆ ಎರಡೂ ರೂಟರ್‌ಗಳು ಹಂಚಿಕೊಳ್ಳುವ ಮ್ಯಾಕ್. ಕೊನೆಯ ಎರಡು ಅಂಕೆ ಎಚ್‌ಎಸ್‌ಆರ್‌ಪಿ ಗ್ರೂಪ್ ನಂಬರ್, ಹೆಕ್ಸ್‌ನಲ್ಲಿ (16ರ ಲೆಕ್ಕದಲ್ಲಿ). 19 ಅಂದರೆ ಗ್ರೂಪ್ 25. ಅದು ನಿಮ್ಮದೇ ಗ್ರೂಪ್ ಆದರೆ, ಹೆಚ್ಚಾಗಿ ರೂಟರ್ ಕಳಿಸಿದ ಪ್ಯಾಕೆಟ್ಟೇ ಸುತ್ತಿ ಬಂದು ಅದಕ್ಕೇ ಸಿಕ್ಕಿದೆ. ಗುಹೆಯಲ್ಲಿ ಕೂಗಿದವನಿಗೆ ತನ್ನ ದನಿಯೇ ಕೇಳಿದ ಹಾಗೆ. ತಪ್ಪು ರೂಟರ್‌ನದ್ದಲ್ಲ. ಸುಮ್ನೆ ಅದರ ಕಾನ್ಫಿಗರೇಶನ್ ಕೆದಕಬೇಡಿ.

ಸ್ವಿಚ್‌ಗಳ ಕಡೆ ಹೋಗಿ. ಒಂದೇ ಮ್ಯಾಕ್ ಎರಡು ಪೋರ್ಟ್ ನಡುವೆ ಜಿಗಿಯುತ್ತಿದೆ ಎಂಬ ಲಾಗ್ ಇದ್ದರೆ ಲೂಪ್ (ಪ್ಯಾಕೆಟ್ ಸುತ್ತುತ್ತಲೇ ಇರುವ ದಾರಿ) ಇರುವುದು ಬಹುತೇಕ ಖಚಿತ. ಲೂಪ್ ತಡೆಯುವ ಸ್ಪ್ಯಾನಿಂಗ್ ಟ್ರೀಯಲ್ಲಿ ಕೊನೆಯ ಟೋಪೋಲಜಿ ಬದಲಾವಣೆ ಯಾವ ಪೋರ್ಟ್‌ನಿಂದ ಬಂತು ನೋಡಿ, ಅದೇ ಜಾಡು ಹಿಡಿದು ಮುಂದಿನ ಸ್ವಿಚ್‌ಗೆ ಹೋಗಿ. ಹಲವು ಕೇಬಲ್‌ಗಳನ್ನು ಒಂದೇ ಲಿಂಕ್ ಮಾಡುವ ಈಥರ್‌ಚಾನೆಲ್ ಒಂದು ತುದಿಯಲ್ಲಿ ಮಾತ್ರ ಆನ್ ಆಗಿದ್ದರೂ ಇದೇ ಗೋಳು. ಅದಕ್ಕೇ ನಾನು ಯಾವಾಗಲೂ ಎರಡೂ ತುದಿ ಮಾತಾಡಿಕೊಂಡು ಲಿಂಕ್ ಕಟ್ಟುವ ಎಲ್‌ಎಸಿಪಿಯನ್ನೇ ಬಳಸುತ್ತೇನೆ. ಫೈಬರ್‌ನ ಒಂದು ಎಳೆ ಸತ್ತು ಟ್ರಾಫಿಕ್ ಒಂದೇ ದಿಕ್ಕಿಗೆ ಹೋಗುವುದೂ ಉಂಟು. ಅದನ್ನು ಹಿಡಿಯಲು ಯುಡಿಎಲ್‌ಡಿ ಎಂಬ ಪ್ರೋಟೋಕಾಲ್ ಇದೆ.

ಮ್ಯಾಕ್ ಬೇರೆಯದೇ ಆಗಿದ್ದರೆ ಮಾತ್ರ ಸ್ವಿಚ್‌ನ ಮ್ಯಾಕ್ ಟೇಬಲ್ (ಯಾವ ಮ್ಯಾಕ್ ಯಾವ ಪೋರ್ಟ್‌ನಲ್ಲಿದೆ ಎಂಬ ಪಟ್ಟಿ) ಹಿಡಿದು ಆ ಲ್ಯಾಪ್‌ಟಾಪ್ ಹುಡುಕಿ.