ಸೂಚ್ಯಂಕ ಇಳಿದ ಮಾತ್ರಕ್ಕೆ ಆರ್ಥಿಕತೆ ಬದಲಾಗಿರುವುದಿಲ್ಲ

ರಫ್ತು ಎಷ್ಟು ಸರಕುಗಳಲ್ಲಿ ಹಂಚಿಹೋಗಿದೆ ಎಂದು ಅಳೆಯಲು ಕೂತಾಗ ನಾನು ಮೊದಲು ಹಾಕುವುದು ಹರ್ಫಿಂಡಾಲ್ ಸೂಚ್ಯಂಕದ ಲೆಕ್ಕ. ಪ್ರತಿ ಸರಕಿನ ಪಾಲನ್ನು ಅದರಿಂದಲೇ ಗುಣಿಸಿ (ವರ್ಗ ಮಾಡಿ) ಕೂಡಿಸಿದರೆ ಆಯಿತು. ಒಂದೇ ಸರಕು ಮಾರುವ ದೇಶಕ್ಕೆ 1, ಹಂಚಿಹೋದಷ್ಟೂ ಸೊನ್ನೆಗೆ ಹತ್ತಿರ.

ಬೆಲೆಯ ಏರಿಳಿತ ಕಳೆಯದೆ ಆ ಅಂಕಿಯನ್ನು ಯಾರಿಗೂ ತೋರಿಸುವುದಿಲ್ಲ. 2014ರ ಮಧ್ಯದಲ್ಲಿ ಬ್ಯಾರೆಲ್‌ಗೆ 100 ಡಾಲರ್ ಮೀರಿದ್ದ ಕಚ್ಚಾ ತೈಲ 2016ರ ಜನವರಿಯಲ್ಲಿ 30ಕ್ಕಿಂತ ಕೆಳಗೆ ಬಿತ್ತು. ತೈಲವನ್ನೇ ನೆಚ್ಚಿಕೊಂಡ ದೇಶದಲ್ಲಿ ಒಂದೂ ಹೊಸ ಕಾರ್ಖಾನೆ ಏಳದಿದ್ದರೂ ಆಗ ತೈಲದ ಪಾಲು ಕುಗ್ಗಿ ಸೂಚ್ಯಂಕ ಚೆಂದ ಕಾಣುತ್ತದೆ. ಅದಕ್ಕೇ ಒಂದು ವರ್ಷದ ಬೆಲೆಯನ್ನು ಸ್ಥಿರವಾಗಿಟ್ಟು, ಪ್ರಮಾಣಕ್ಕೆ ಗುಣಿಸಿ, ಪಾಲುಗಳನ್ನು ಹೊಸದಾಗಿ ತೆಗೆಯುತ್ತೇನೆ. ತೈಲ, ತಾಮ್ರ, ಕಾಫಿಗೆ ಇದು ಸಲೀಸು. ಯಂತ್ರಗಳನ್ನು ಕಿಲೋಗಟ್ಟಲೆ ಅಳೆದು ಏನೂ ತಿಳಿಯದು. ಅಲ್ಲಿ ಬೆಲೆ ಸೂಚ್ಯಂಕವೇ, ಅಂದರೆ ಬೆಲೆ ಎಷ್ಟು ಏರಿಳಿಯಿತೆಂದು ತೋರಿಸುವ ಅಂಕಿಯೇ ಗತಿ.

ಹೊಸ ಸರಕುಗಳ ಎಣಿಕೆಯಲ್ಲಿ ಇನ್ನೊಂದು ತೊಡಕು. ಕಸ್ಟಮ್ಸ್‌ನವರು ಪ್ರತಿ ಬಗೆಯ ಸರಕನ್ನು ಗುರುತಿಸಲು ಬಳಸುವ ಸಂಖ್ಯೆಗಳು, ಅಂದರೆ ಎಚ್‌ಎಸ್ ಕೋಡ್‌ಗಳು, ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತವೆ. ಮೊಬೈಲ್ ಫೋನ್‌ಗಿದ್ದ 8517.12, 2022ರ ಪರಿಷ್ಕರಣೆಯಲ್ಲಿ ಹೋಗಿ, ಸ್ಮಾರ್ಟ್‌ಫೋನ್‌ಗೆ 8517.13, ಉಳಿದವಕ್ಕೆ 8517.14 ಬಂತು. ಹಳೆ-ಹೊಸ ಕೋಡ್‌ಗಳನ್ನು ಜೋಡಿಸುವ ಪಟ್ಟಿ ಹಾಕಿಕೊಳ್ಳದಿದ್ದರೆ ಕಂಪ್ಯೂಟರ್ ಇದನ್ನು ಎರಡು ಹೊಸ ಉದ್ಯಮ ಎಂದೇ ಎಣಿಸುತ್ತದೆ!

ಸೂಚ್ಯಂಕ ತಿರುಗುಮುರುಗಾಗಿಯೂ ದಾರಿ ತಪ್ಪಿಸಬಲ್ಲದು. ಬಾಂಗ್ಲಾದೇಶ ಹುಟ್ಟಿದಾಗ ಅದರ ರಫ್ತೆಂದರೆ ಬಹುಪಾಲು ಸೆಣಬು. ಈಗ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಸಿದ್ಧ ಉಡುಪು. ಸೂಚ್ಯಂಕವನ್ನಷ್ಟೇ ಕೇಳಿದರೆ ಆಗಲೂ ಒಂದೇ ಬುಟ್ಟಿ, ಈಗಲೂ ಒಂದೇ ಬುಟ್ಟಿ. ಆದರೆ ಈ ನಡುವೆ ಹಳ್ಳಿಗಳಿಂದ ಲಕ್ಷಾಂತರ ಹೆಣ್ಣುಮಕ್ಕಳು ಕಾರ್ಖಾನೆಯ ಸಂಬಳಕ್ಕೆ ಬಂದರು. ರಚನಾತ್ಮಕ ಬದಲಾವಣೆ ಎಂದರೆ ನನಗೆ ಇದೇ. ಅದನ್ನು ಹುಡುಕಬೇಕಾದದ್ದು ಯಾವ ವಲಯದಲ್ಲಿ ಎಷ್ಟು ಜನ ದುಡಿಯುತ್ತಾರೆ, ಒಬ್ಬೊಬ್ಬರ ಉತ್ಪಾದನೆ ಎಷ್ಟು ಎಂಬ ಕೋಷ್ಟಕದಲ್ಲಿ. ಅರ್ಥಶಾಸ್ತ್ರಜ್ಞರಾದ ಮಾರ್ಗರೆಟ್ ಮೆಕ್‌ಮಿಲನ್, ಡ್ಯಾನಿ ರೋಡ್ರಿಕ್ 2011ರಲ್ಲಿ ಇಂಥ ಕೋಷ್ಟಕಗಳನ್ನಿಟ್ಟುಕೊಂಡೇ, 1990ರ ನಂತರ ಆಫ್ರಿಕಾ, ಲ್ಯಾಟಿನ್ ಅಮೆರಿಕದಲ್ಲಿ ದುಡಿಮೆಗಾರರು ಹೆಚ್ಚು ಉತ್ಪಾದಕತೆಯ ಕೆಲಸದಿಂದ ಕಡಿಮೆಯದಕ್ಕೆ ಸರಿದದ್ದನ್ನು ತೋರಿಸಿದರು. ಏಷ್ಯಾದಲ್ಲಿ ಆದದ್ದು ಇದಕ್ಕೆ ಉಲ್ಟಾ.

ಕೊನೆಗೆ ಆಮದಿನ ಪಟ್ಟಿ ತೆರೆಯುತ್ತೇನೆ. ಫೋನ್ ರಫ್ತು ಏರಿದ ವರ್ಷವೇ ಬಿಡಿಭಾಗಗಳ ಆಮದೂ ಹೆಚ್ಚುಕಡಿಮೆ ಅಷ್ಟೇ ಏರಿದ್ದರೆ, ದೇಶದೊಳಗೆ ಉಳಿದದ್ದು ಜೋಡಣೆಯ ಕೂಲಿ. ಹಾಗೆಂದು ಅದನ್ನು ತಳ್ಳಿಹಾಕುವುದಿಲ್ಲ, ಶುರುವಾಗುವುದು ಅಲ್ಲಿಂದಲೇ. ಮುಂದಿನ ವರ್ಷಗಳಲ್ಲಿ ರಫ್ತಿನ ಗೆರೆಗೂ ಬಿಡಿಭಾಗಗಳ ಆಮದಿನ ಗೆರೆಗೂ ನಡುವಿನ ಅಂತರ ಹಿಗ್ಗುತ್ತಿದೆಯೇ ಎಂದು ಮಾತ್ರ ನೋಡುತ್ತಿರುತ್ತೇನೆ.