ಹೆಡ್‌ಲೈಟ್ ಕಿವಿ ಬಿಚ್ಚೋಕೆ ಸುತ್ತಿಗೆ ಯಾಕೆ?

ಹಳೆ ಯಮಹಾ ಆರ್‌ಎಕ್ಸ್ 100 ಬೈಕ್ ಮನೆಗೆ ತಂದವರು ಮೊದಲು ಟ್ಯಾಂಕಿಗೆ ಬಣ್ಣ ಹೊಡೆಸುತ್ತಾರೆ. ಆಮೇಲೆ ಹೆಡ್‌ಲೈಟಿನ ಕಿವಿ ಹಾಳು ಮಾಡುತ್ತಾರೆ. ನಮ್ಮ ಬೀದಿಯ ಹುಡುಗನೊಬ್ಬ ಮೊನ್ನೆ ಗ್ರೈಂಡರ್ ಹಿಡಿದು ಕೂತಿದ್ದ. ಅವನನ್ನು ತಡೆದ ಮೇಲೆ ಇದನ್ನು ಬರೆದುಬಿಡೋಣ ಅನ್ನಿಸಿತು.

ಮುಂದಿನ ಗಾಲಿ ಹಿಡಿದಿರುವ ಎರಡು ಫೋರ್ಕ್ ಪೈಪನ್ನು ಜೋಡಿಸುವ ಅಡ್ಡ ತುಂಡಿಗೆ ಟಿ ಅನ್ನುತ್ತಾರೆ. ಕಿವಿ ಅಂದರೆ ಮೇಲಿನ ಟಿ, ಕೆಳಗಿನ ಟಿ ಇವೆರಡರ ನಡುವೆ ಫೋರ್ಕ್ ಪೈಪಿಗೆ ತೋಳಿನ ಹಾಗೆ ತೊಡಿಸಿರುವ ತಗಡಿನ ಕೊಳವೆ. ಅದರಿಂದ ಮುಂದಕ್ಕೆ ಚಾಚಿದ ಪಟ್ಟಿಯೇ ಹೆಡ್‌ಲೈಟನ್ನು ಹಿಡಿದಿರುತ್ತದೆ. ಅದಕ್ಕೆ ತನ್ನದೇ ಅಂತ ಒಂದು ಬೋಲ್ಟೂ ಇಲ್ಲ. ಮೇಲೊಂದು, ಕೆಳಗೊಂದು ರಬ್ಬರ್ ಉಂಗುರ ಕೂರಿಸಿ ಎರಡು ಟಿಗಳ ಮಧ್ಯೆ ಅದುಮಿ ಇಟ್ಟಿರುತ್ತಾರೆ, ಅಷ್ಟೆ. ಜನ ಬೋಲ್ಟ್ ಹುಡುಕುತ್ತಾರೆ, ಸಿಗದಿದ್ದಾಗ ಸುತ್ತಿಗೆ ಎತ್ತುತ್ತಾರೆ.

ತೆಗೆಯಲು ಎರಡು ದಾರಿ. ಗಾಲಿ, ಮಡ್‌ಗಾರ್ಡ್ ಬಿಚ್ಚಿ ಎರಡೂ ಫೋರ್ಕನ್ನು ಕೆಳಕ್ಕೆ ಎಳೆಯುವುದು ಒಂದು. ಮೇಲಿನ ಟಿ ಎತ್ತಿ ಕಿವಿಯನ್ನು ಮೇಲಕ್ಕೆ ಜಾರಿಸುವುದು ಇನ್ನೊಂದು. ಫೋರ್ಕಿನ ಆಯಿಲ್ ಸೀಲ್ ಹೇಗೂ ಬದಲಿಸಬೇಕು ಅನ್ನುವವರು ಮೊದಲ ದಾರಿ ಹಿಡಿಯಲಿ. ಉಳಿದವರಿಗೆಲ್ಲ ನಾನು ಹೇಳುವುದು ಎರಡನೆಯದೇ. ಮೂವತ್ತು ಮಳೆಗಾಲ ಕಂಡ ಪೈಪು ಕೆಳಗಿನ ಟಿಯಲ್ಲಿ ತುಕ್ಕು ಕಚ್ಚಿಕೊಂಡಿರುತ್ತದೆ, ಅದನ್ನು ಕೆದಕಲು ಹೋಗಬೇಡಿ.

ಶುರು ಮಾಡೋಣ. ಬೈಕನ್ನು ನಡು ಸ್ಟ್ಯಾಂಡಿಗೆ ಹಾಕಿ, ಮುಂದಿನ ಗಾಲಿ ನೆಲ ಬಿಡುವ ಹಾಗೆ ಎಂಜಿನ್ ಅಡಿಗೆ ಮರದ ತುಂಡು ಕೊಡಿ. ಬ್ಯಾಟರಿ ವೈರ್ ತೆಗೆಯಿರಿ. ಹೆಡ್‌ಲೈಟ್ ಬಿಚ್ಚಿ, ಒಳಗಿನ ವೈರುಗಳ ಫೋಟೊ ತೆಗೆದುಕೊಂಡು ಡಬ್ಬಿಯನ್ನೂ ಇಂಡಿಕೇಟರನ್ನೂ ಪಕ್ಕಕ್ಕಿಡಿ.

ಇಲ್ಲೇ ಒಂದು ಮಾತು. ಜಪಾನಿ ವಿನ್ಯಾಸದ ಬೈಕಿನ ನಕ್ಷತ್ರ ಸ್ಕ್ರೂ ನಮ್ಮ ಮನೆಯ ಫಿಲಿಪ್ಸ್ ಸ್ಕ್ರೂಡ್ರೈವರಿಗೆ ಹೊಂದುವಂತೆ ಕಾಣುತ್ತದೆ, ಆದರೆ ಹೊಂದುವುದಿಲ್ಲ. ಅದು ಜೆಐಎಸ್, ಅಂದರೆ ಜಪಾನಿನ ಕೈಗಾರಿಕಾ ಮಾನಕದ ಅಳತೆಯದು. ಫಿಲಿಪ್ಸ್ ತುದಿ ಪೂರ್ತಿ ಒಳಗೆ ಕೂರದೆ ಮೇಲಕ್ಕೆ ಜಾರಿ ತಲೆಯನ್ನು ಸವೆಸಿಬಿಡುತ್ತದೆ. ಜೆಐಎಸ್ ಡ್ರೈವರ್ ಒಂದನ್ನು ಕೊಂಡಿಟ್ಟುಕೊಳ್ಳಿ. ಮೂವತ್ತೆರಡು ತುದಿಗಳ ಅಗ್ಗದ ಪೆಟ್ಟಿಗೆ ಮಾತ್ರ ಬೇಡ, ನನ್ನದು ಎರಡನೇ ಸ್ಕ್ರೂಗೇ ಮೊಂಡಾಯಿತು.

ಹ್ಯಾಂಡಲ್ ಬಾರ್ ಹಿಡಿದಿರುವ ಬೋಲ್ಟ್ ಬಿಚ್ಚಿ, ಕೇಬಲ್ ಸಮೇತ ಹಿಂದಕ್ಕೆ ಮಲಗಿಸಿ. ಟ್ಯಾಂಕಿನ ಮೇಲೆ ದಪ್ಪ ಚಾದರ ಹಾಸಿರಿ. ಮೀಟರ್ ಕೇಬಲ್, ಇಗ್ನಿಷನ್ ಸ್ವಿಚ್ಚಿನ ಕಪ್ಲರ್ ಬಿಡಿಸಿ.

ಕೆಲಸ ಕೆಡುವುದು ಇನ್ನು ಮುಂದೆ. ಮೇಲಿನ ಟಿಯಲ್ಲಿ ಎರಡು ಬಗೆಯಿದೆ. ಕೆಲವು ಬೈಕಿನಲ್ಲಿ ಪೈಪನ್ನು ಪಕ್ಕದಿಂದ ಹಿಂಡಿ ಹಿಡಿಯುವ ಬೋಲ್ಟ್ ಇರುತ್ತದೆ. ಅದನ್ನು ಸಡಿಲಿಸಿದರೆ ಸಾಕು. ಇನ್ನು ಕೆಲವದರಲ್ಲಿ ಪೈಪಿನ ನೆತ್ತಿಯ ದೊಡ್ಡ ಕ್ಯಾಪ್ ಬೋಲ್ಟೇ ಟಿಯನ್ನು ಅದುಮಿರುತ್ತದೆ, ಅದನ್ನು ಪೂರ್ತಿ ತೆಗೆಯಬೇಕು. ಕ್ಯಾಪಿನ ಅಡಿಯಲ್ಲಿ ಸ್ಪ್ರಿಂಗ್ ಇದೆ. ಗಾಲಿ ಗಾಳಿಯಲ್ಲಿದ್ದರೆ ಒತ್ತಡ ಕಡಿಮೆ, ಆದರೂ ಮುಖವನ್ನು ಅದರ ನೇರಕ್ಕೆ ಒಡ್ಡಬೇಡಿ. ಕೊನೆಯ ಎರಡು ಸುತ್ತಿನಲ್ಲಿ ಅಂಗೈಯಿಂದ ಒತ್ತಿ ಹಿಡಿದು ತಿರುಗಿಸಿ. ಬಾಕ್ಸ್ ಸ್ಪ್ಯಾನರೇ ಬೇಕು. ಪೈಪ್ ರೆಂಚ್ ಹಾಕಿದರೆ ಕ್ರೋಮ್ ಹೋಯಿತು ಅಂತಲೇ ಲೆಕ್ಕ.

ನಡುವಿನ ದೊಡ್ಡ ನಟ್ ತೆಗೆಯಿರಿ. ಟಿಯ ಕೆಳಗೆ ಕಚ್ಚು ಕೊರೆದ ಇನ್ನೊಂದು ಉಂಗುರದ ನಟ್ ಇದೆ. ಅದನ್ನು ಮುಟ್ಟಲೇಬೇಡಿ! ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗಲು ಇರುವ ಗುಂಡುಗಳ ಬೇರಿಂಗ್, ಅದನ್ನು ಹಿಡಿದಿರುವುದು ಈ ನಟ್ಟೇ. ನಟ್ ಸಡಿಲವಾದರೆ ಫೋರ್ಕ್ ಇಡಿಯಾಗಿ ಕೆಳಗಿಳಿದು ಬಾಲ್ಸ್ ಎಲ್ಲ ನೆಲದ ಪಾಲು. ನಾನು ಒಮ್ಮೆ ಒಂದು ಬಾಲನ್ನು ಅಕ್ಕನ ತುಳಸಿ ಕುಂಡದಲ್ಲಿ ಹುಡುಕಿದ್ದೇನೆ.

ಮೇಲಿನ ಟಿ ಸುಲಭಕ್ಕೆ ಏಳುವುದಿಲ್ಲ. ಒಂದೇ ಕಡೆ ಬಡಿದರೆ ಓರೆಯಾಗಿ ಎರಡೂ ಪೈಪನ್ನು ಕಚ್ಚಿ ಕೂರುತ್ತದೆ. ಮರದ ಕೊಡತಿ ತೆಗೆದುಕೊಂಡು ಅಡಿಯಿಂದ ಎಡಕ್ಕೊಂದು, ಬಲಕ್ಕೊಂದು ಮೆಲ್ಲಗೆ ತಟ್ಟುತ್ತಾ 2–3 ಮಿಲಿಮೀಟರಿನಂತೆ ಏರಿಸಿ. ಅವಸರ ಇದ್ದವರು ನಾಳೆ ಮಾಡಲಿ.

ಟಿ ಬಂದ ಮೇಲೆ ಕಿವಿ ತಾನಾಗಿ ಮೇಲಕ್ಕೆ ಬರಬೇಕು. ಬರದಿದ್ದರೆ ತಪ್ಪು ಕೆಳಗಿನ ರಬ್ಬರಿನದು. ಆ ರಬ್ಬರ್ ಕೂರುವ ಕಿವಿಯ ಬಟ್ಟಲಲ್ಲಿ ಮಳೆನೀರು, ಕೆಸರು ನಿಂತು ರಬ್ಬರ್ ಕಲ್ಲಾಗಿ, ತಗಡು ತುಕ್ಕು ಹಿಡಿದು ಪೈಪಿಗೆ ಅಂಟಿರುತ್ತದೆ. ತುಕ್ಕು ಬಿಡಿಸುವ ಎಣ್ಣೆಯನ್ನು ಮೇಲಿನಿಂದಲೂ ಕೆಳಗಿನಿಂದಲೂ ಬಿಟ್ಟು ಒಂದು ರಾತ್ರಿ ಹಾಗೇ ಇಡಿ. ಅಂಗಡಿಯಲ್ಲಿ ಎಲ್ಲಕ್ಕೂ ಆಗುತ್ತೆ ಅಂತ ಮಾರುವ ಸ್ಪ್ರೇಗಳಲ್ಲಿ ಹಲವು ತೇವ ಓಡಿಸಲು ಮಾಡಿದವು, ಕಚ್ಚಿದ ತುಕ್ಕಿಗೆ ಸಾಲವು. ಪವರ್ ಸ್ಟಿಯರಿಂಗಿಗೆ ಹಾಕುವ ಕೆಂಪು ಎಟಿಎಫ್ ಎಣ್ಣೆಗೆ ಅಷ್ಟೇ ಅಸಿಟೋನ್ ಬೆರೆಸಿದರೆ ಇನ್ನೂ ಒಳಕ್ಕೆ ಇಳಿಯುತ್ತದೆ. ಬಣ್ಣಕ್ಕೆ ತಾಗಿದರೆ ಬಣ್ಣ ಕಿತ್ತು ಬರುತ್ತದೆ, ಬೀಡಿ ಸಿಗರೇಟು ಹತ್ತಿರ ಸುಳಿಯಬಾರದು.

ಬೆಳಗ್ಗೆ ಕೊಳವೆಯ ಭಾಗವನ್ನು ಹಳೆ ಟ್ಯೂಬಿನ ತುಂಡಿನಿಂದ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ತಿರುಚಿ. ತಿರುಗಿತು ಎಂದರೆ ಬಂತು. ಮುಂದೆ ಚಾಚಿದ ಪಟ್ಟಿಯನ್ನು ಮಾತ್ರ ಹಿಡಿದು ತಿರುಚಬೇಡಿ, ಬೆಸುಗೆ ಬಿಡುತ್ತದೆ.

ಏನು ಮಾಡಿದರೂ ಬಾರದ ಕಿವಿಯನ್ನು ಕತ್ತರಿಸುವುದೇ ಆದರೆ ಗ್ರೈಂಡರ್ ಬೇಡ, ಹ್ಯಾಕ್ಸಾ ಸಾಕು. ಉದ್ದುದ್ದಕ್ಕೆ ಗೆರೆ ಕೊಯ್ದು, ತಗಡು ತೆಳುವಾಗಿ ಉಳಿದಾಗ ನಿಲ್ಲಿಸಿ, ಇಕ್ಕಳದಿಂದ ಸುಲಿಯಿರಿ. ಬ್ರೇಕ್ ಒತ್ತಿದಾಗ ಪೈಪಿನ ಮೇಲೆ ಅತಿ ಹೆಚ್ಚು ಬಾಗುವ ಒತ್ತಡ ಬೀಳುವುದು ಕೆಳಗಿನ ಟಿಯ ಬಳಿಯೇ. ಅಲ್ಲಿ ಗ್ರೈಂಡರ್ ಮಾಡಿದ ಒಂದು ಗೀರು ಮುಂದೆ ಬಿರುಕಾಗಬಹುದು.

ಕಿವಿಯಡಿ ಪೈಪಿನ ಮೇಲೆ ತುಕ್ಕು ಕಂಡು ಹೊಸ ಪೈಪಿಗೆ ಓಡಬೇಡಿ. ಆಯಿಲ್ ಸೀಲ್ ಅಷ್ಟು ಮೇಲಕ್ಕೆ ಬರುವುದಿಲ್ಲ. 400 ನಂಬರ್ ಎಮರಿ ಕಾಗದದಿಂದ ಎಣ್ಣೆ ಹಾಕಿ ಉಜ್ಜಿ, ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಗುಂಡಿ ಕೆಳಗಿನ ಟಿಯ ಹತ್ತಿರ ಇದ್ದರೆ ಮಾತ್ರ ಯೋಚನೆ.

ಹಳೆ ಕಿವಿಯನ್ನು ಗುಜರಿಗೆ ಹಾಕಬೇಡಿ. ಸೊಟ್ಟಗಾಗಿದ್ದರೂ ಅದರ ತಗಡು ದಪ್ಪ. ಈಗ ಸಿಗುವ ಡೂಪ್ಲಿಕೇಟ್ ಕಿವಿ ಹಾಕಿದ ಬೈಕುಗಳಲ್ಲಿ ಹೆಡ್‌ಲೈಟ್ ತಲೆಯಾಡಿಸುವುದನ್ನು ಬೇಕಾದಷ್ಟು ನೋಡಿದ್ದೇನೆ. ನೆಟ್ಟಗೆ ಮಾಡಿಸಿ ಬಣ್ಣ ಹೊಡೆಯಿರಿ. ಪೌಡರ್ ಕೋಟಿಂಗ್ ಮಾಡಿಸುವುದಾದರೆ ಬಟ್ಟಲಿನ ಒಳಗನ್ನು ಟೇಪಿನಿಂದ ಮುಚ್ಚಲು ಹೇಳಿ, ಇಲ್ಲದಿದ್ದರೆ ಆ ದಪ್ಪಕ್ಕೆ ರಬ್ಬರ್ ಕೂರುವುದಿಲ್ಲ. ರಬ್ಬರ್ ನಾಲ್ಕನ್ನೂ ಹೊಸದೇ ಹಾಕಿ.

ಜೋಡಿಸುವಾಗ ಮೊದಲು ನಡುವಿನ ನಟ್, ಆಮೇಲೆ ಪೈಪಿನ ಬೋಲ್ಟ್‌ಗಳು. ಹೆಡ್‌ಲೈಟ್ ಒಳಗೆ ವೈರ್ ತುಂಬುವ ಮುಂಚೆ ಹ್ಯಾಂಡಲನ್ನು ಎರಡೂ ತುದಿಗೆ ಒಮ್ಮೆ ತಿರುಗಿಸಿ ನೋಡಿ. ಎಡಕ್ಕೆ ತಿರುಗಿಸಿದಾಗ ಇಗ್ನಿಷನ್ ವೈರ್ ಬಿಗಿಯುತ್ತಿದ್ದರೆ, ಅದು ಕಿವಿಯ ಹೊರಗಡೆಯಿಂದ ಸುತ್ತಿ ಬಂದಿದೆ. ಬಿಚ್ಚಿ, ಒಳಗಿನಿಂದ ತನ್ನಿ.